ಎರಡು ಸೋರೆಬುರುಡೆ

೧೨ ಅಕ್ಟೋಬರ್ ೧೯೮೬, ಭಾನುವಾರ. ಕಾಂಗೇಯಂ

ಈ ಆಟಕ್ಕೆ ಇದುವರೆಗೆ ಆದ ಖರ್ಚು: ನಿಯಮದ ಜೆರಾಕ್ಸ್ ಹಾಳೆ ತೊಂಬತ್ತಾರು. ದಾಳ ಆರು, ಅದರಲ್ಲಿ ಒಂದಕ್ಕೆ ಇಪ್ಪತ್ತು ಮುಖ. (ಇಪ್ಪತ್ತು ಮುಖದ ಮನುಷ್ಯರನ್ನು ಸಂತೆಯಲ್ಲಿ ಬೇಕಾದಷ್ಟು ನೋಡಿದ್ದೇನೆ. ದಾಳ ನೋಡಿದ್ದು ಇದೇ ಮೊದಲು.) ಎಣ್ಣೆ ಮಿಲ್ಲಿನವರ ಹೋದ ವರ್ಷದ ಕ್ಯಾಲೆಂಡರ್ ಒಂದು, ಹಿಂಬದಿಯಲ್ಲಿ ನಕಾಶೆ ಬರೆಯಲು. ಪೆನ್ಸಿಲ್ ಎರಡು. ಮೂರು ಭಾನುವಾರದ ಮಧ್ಯಾಹ್ನದ ನಿದ್ದೆ. ಒಂದು ಜೊತೆ ಎತ್ತಿನ ವ್ಯಾಪಾರ — ಕುನ್ನತ್ತೂರಿನವನು ಮನೆಗೇ ಬಂದಿದ್ದ. "ರಾಕ್ಷಸನ ಹತ್ರ ಮಾತಾಡ್ತಿದೀನಿ, ಸ್ವಲ್ಪ ಇರಪ್ಪ" ಎಂದೆ. ಎದ್ದು ಹೋದ. ಮರ್ಯಾದೆ ಎಷ್ಟು ಹೋಯಿತೋ, ಇನ್ನೂ ಕೂಡಿಸಿಲ್ಲ.

ಆಟ ದೇವರಾಜನದು. ತಮ್ಮನ ಮಗ. ಕೋಯಮತ್ತೂರಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷ. ಜೂನ್‌ನಿಂದ ಎರಡು ಕಿಡ್ನಿಯೂ ಕೆಲಸ ನಿಲ್ಲಿಸಿವೆ. ಮಂಗಳವಾರ, ಶುಕ್ರವಾರ ಟ್ಯಾಕ್ಸಿ — ಕೋಯಮತ್ತೂರು, ರಕ್ತ ತೊಳೆಯುವ ಮಿಷನ್, ವಾಪಸ್. ಹಾಸ್ಟೆಲ್ ಗೆಳೆಯರು ಮೊದಮೊದಲು ವಾರವಾರವೂ ಬಂದು ಇವನ ಮಂಚದ ಸುತ್ತ ಕೂತು ಆಡುತ್ತಿದ್ದರು. ಪರೀಕ್ಷೆ ಬಂತು, ಬರುವುದು ನಿಲ್ಲಿಸಿದರು. ಬೇಜಾರಿಲ್ಲ ಎಂದ. ಬೇಜಾರು ಕಾಣುತ್ತಿತ್ತು. ಆಡಲು ಜನ ತಾನೆ ಬೇಕು? ಮೂವತ್ತು ವರ್ಷ ದನದ ದಲ್ಲಾಳಿಯಾದವನಿಗೆ ನಾಲ್ಕು ಜನ ಕೂಡಿಸುವುದು ಕಷ್ಟವೆ?

ಕೂಡಿಸಿದೆ. ನಾನು. ನನ್ನ ಹೆಂಡತಿ ಸೆಲ್ಲಮ್ಮ. ಅವಳ ಅಣ್ಣ ದೊರೈಸಾಮಿ, ಎಣ್ಣೆ ಮಿಲ್ಲಿನ ಮೇಸ್ತ್ರಿ. ದೇವರಾಜನ ತಾಯಿ ಪಳನಿಯಮ್ಮಾಳ್.

ಹಲಗೆ ಇಲ್ಲ, ಕಾಯಿ ಇಲ್ಲ. ಬರೀ ಕಥೆ. ಹೇಳುವವನು ದೇವರಾಜನ್. ನಮಗೆ ಒಂದೊಂದು ವೇಷ. "ಮುಂದೆ ಹೊಳೆ, ಹಿಂದೆ ಕಾಡು, ಏನ್ ಮಾಡ್ತೀಯ?" ಎಂದು ಕೇಳುತ್ತಾನೆ. ವೇಷದ ಬಾಯಲ್ಲೇ ಉತ್ತರ ಹೇಳಬೇಕು. ನಡೆಯಿತೋ ಇಲ್ಲವೋ ದಾಳ ಹೇಳುತ್ತದೆ. ನಾನು ವರ್ತಕ, ದೊರೈಸಾಮಿ ವೀರ, ಸೆಲ್ಲಮ್ಮ ಮದ್ದು ಕೊಡುವವಳು, ಪಳನಿಯಮ್ಮಾಳ್ ದೋಣಿಯವಳು.

ಇವತ್ತಿನ ಫಲ: ದೊರೈಸಾಮಿ ಬಾಯಿ ತೆರೆದರೆ ಸಿನಿಮಾ ತಮಿಳು. "ಅಡೇಯ್ ಅರಕ್ಕಾ!" ಎಂದು ರಾಕ್ಷಸನ ಮುಂದೆ ತೊಡೆ ತಟ್ಟಿದ. ಟೀ ಚೆಲ್ಲಿತು. ಸೆಲ್ಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು, "ನಾನ್ಯಾಕೆ ಕಾಡಿಗೆ ಹೋಗ್ಲಿ? ಹೋಗಿ ಬಂದೋರಿಗೆ ಅನ್ನ ಯಾರು ಮಾಡೋದು?" ಪಳನಿಯಮ್ಮಾಳ್ ಗೋಡೆ ನೋಡುತ್ತ ಕೂತಳು. ಮೂವರ ಮಾತನ್ನೂ ನಾನೇ ಆಡಿ ಆಟ ಮುಗಿಸಿದೆ.

೧೩ ಅಕ್ಟೋಬರ್, ಸೋಮವಾರ

ಸಂತೆ ಸುಮಾರು. ಎರಡು ಜೊತೆ ಕೈ ಬದಲಾದವು.

ಇದನ್ನು ಕನ್ನಡ ಅಕ್ಷರದಲ್ಲಿ ಬರೆಯುತ್ತೇನೆ. ಹುಡುಗನಾಗಿದ್ದಾಗ ಕೊಳ್ಳೇಗಾಲದ ಮಂಡಿಯಲ್ಲಿ ಕಲಿತದ್ದು. ತಮಿಳು ಸೀಮೆಯಲ್ಲಿದ್ದರೂ ಮನೆಯಲ್ಲಿ ಎಲ್ಲರ ಮಾತೂ ಕನ್ನಡವೇ, ಕನ್ನಡ ಓದುವುದಕ್ಕೆ ಮಾತ್ರ ಒಬ್ಬರಿಗೂ ಬಾರದು. ಈ ಪುಸ್ತಕ ಇಡುವ ಪೆಟ್ಟಿಗೆಗೆ ಬೀಗ ಬೇಡ. ಆದ್ದರಿಂದ ಇದನ್ನೂ ಬರೆದಿಡಬಹುದು.

ಸೆಪ್ಟೆಂಬರ್‌ನಲ್ಲಿ ಕೋಯಮತ್ತೂರಿನ ಡಾಕ್ಟರ್ ಕೇಳಿದರು — ತಾಯಿಯ ಕಿಡ್ನಿ ಹೊಂದಬಹುದು, ಕೊಡುತ್ತಾರಾ? ಆಪರೇಷನ್ನಿಗೆ ಮದ್ರಾಸಿಗೆ ಬರೆದುಕೊಡುತ್ತೇನೆ ಎಂದರು. ನಾನು ಹೇಳಿದೆ: "ಆಕೆ ಒಪ್ಪೋದಿಲ್ಲ ಸಾರ್."

ಆಕೆಯನ್ನು ಕೇಳಿರಲಿಲ್ಲ.

ಹೇಗೆ ಕೇಳುವುದು? ಪಳನಿಯಮ್ಮಾಳ್ ನನ್ನೊಂದಿಗೆ ಮಾತನಾಡುವುದಿಲ್ಲ. ಜಗಳವಲ್ಲ, ವಾಡಿಕೆ. ನಮ್ಮವರಲ್ಲಿ ತಮ್ಮನ ಹೆಂಡತಿ ಬಾವನಿಗೆ ಎದುರು ನಿಂತು ಮಾತಾಡುವಂತಿಲ್ಲ. ಬೇಕಾದದ್ದನ್ನು ಗೋಡೆಗೆ ಹೇಳುತ್ತಾಳೆ, ಇಲ್ಲವೇ ಸೆಲ್ಲಮ್ಮನಿಗೆ. ಇಪ್ಪತ್ತೆರಡು ವರ್ಷದಿಂದ ಹಾಗೇ. ತಮ್ಮ ತೀರಿಕೊಂಡು ಹದಿನಾರು ವರ್ಷ. ಆಮೇಲೆ ಸ್ಕೂಲು, ತಾಲ್ಲೂಕು ಆಫೀಸು, ಆಸ್ಪತ್ರೆ, ಎಲ್ಲೇ ಆದರೂ ಅವಳ ಪರವಾಗಿ ಮಾತು ನನ್ನದೇ.

ತಮ್ಮ ಹೋದದ್ದು ಆಪರೇಷನ್ ಟೇಬಲ್ಲಿನ ಮೇಲೆ. ಹರ್ನಿಯಾ. ಅರ್ಧ ಗಂಟೆಯ ಕೆಲಸ ಎಂದಿದ್ದರು. ಈಗ ಅವನ ಹೆಂಡತಿ ಒಂದು ಟೇಬಲ್ಲಿಗೆ, ಮಗ ಇನ್ನೊಂದಕ್ಕೆ, ನಾನು ಮತ್ತೆ ಹೊರಗೆ ಆ ಬೆಂಚಿನ ಮೇಲೆ? ಆಗದು. ಮಿಷನ್ ಇದೆ, ನಡೆಯುತ್ತದೆ.

ದೇವರಾಜನಿಗೂ ಅದನ್ನೇ ಹೇಳಿದೆ — ಅಮ್ಮನಿಗೆ ಮನಸ್ಸಿಲ್ಲಪ್ಪ. "ಸರಿ ದೊಡ್ಡಪ್ಪ" ಎಂದ. ಅಷ್ಟೇ. ತಾಯಿಯ ಹತ್ತಿರ ಆ ಮಾತು ಎತ್ತಲೇ ಇಲ್ಲ. ಎತ್ತುವವನಲ್ಲ ಎಂದು ನನಗೆ ಗೊತ್ತಿತ್ತು. ಅವಳಿಗೆ ಹಾಗೆ ಕೊಡಬಹುದು ಎಂಬುದೇ ಗೊತ್ತಿಲ್ಲ.

ಸಂತೆಯಲ್ಲಿ ದಿನವೂ ಮಾಡುವುದು ಇದನ್ನೇ. ಬೆಲೆ ತಿಳಿಯಲು ಟವೆಲ್ಲಿನ ಅಡಿ ಮಾರುವವನ ಬೆರಳು ಹಿಡಿಯುತ್ತೇನೆ, ಆಮೇಲೆ ಕೊಳ್ಳುವವನ ಬೆರಳು. ಇವನು ಹೇಳಿದ್ದು ಅವನಿಗೆ ಕೇಳದು. ನಡುವೆ ನಾನು. ಇಬ್ಬರಿಗೂ ನಾನೇ ಬಾಯಿ.

೧೯ ಅಕ್ಟೋಬರ್, ಭಾನುವಾರ

ಐವತ್ತಮೂರರವನಿಗೆ ಇಪ್ಪತ್ತರವನ ಪಾಠ. ಆಟಕ್ಕೆ ಮೊದಲು ಹತ್ತಿರ ಕರೆದು ಕೂರಿಸಿಕೊಂಡ.

"ದೊಡ್ಡಪ್ಪ, ನೀವು ಚೆನ್ನಾಗಿ ಮಾತಾಡ್ತೀರಿ. ತೊಂದರೆ ಅದೇ. ಎಲ್ಲರ ಮಾತೂ ನೀವೇ ಆಡ್ಬುಡ್ತೀರಿ."

"ಅವರು ಸುಮ್ನೆ ಕೂತ್ರೆ ಆಟ ನಿಂತೋಗಲ್ವಾ?"

"ನಿಲ್ಲಲಿ. ಹೊಸಬರಿಗೆ ನಾಚಿಕೆ. ರಾಕ್ಷಸನಿಗೆ ಏನ್ ಹೇಳ್ತೀಯ ಅಂತ ಕೇಳಿದ್ರೆ ಬಾಯಿ ಕಟ್ಟೋಗ್ತದೆ. ಸಣ್ಣದು ಕೇಳ್ಬೇಕು. ಕಾಲಲ್ಲಿ ಚಪ್ಪಲಿ ಐತಾ? ಚೀಲದಲ್ಲಿ ಏನೈತೆ? ಕೇಳಿ, ಮನಸ್ಸಲ್ಲೇ ಹತ್ತು ಎಣಿಸಿ. ತಪ್ಪು ಹೇಳಿದ್ರೆ ತಿದ್ದಬಾರದು. ನಗಲೂಬಾರದು."

ಹತ್ತು! ಸಂತೆಯಲ್ಲಿ ಹತ್ತು ಎಣಿಸುವಷ್ಟರಲ್ಲಿ ಎತ್ತು ಪಲ್ಲಡಂ ಊರೇ ದಾಟಿರುತ್ತದೆ.

ಆಟ ಶುರು. "ಅಮ್ಮಾ, ದೋಣಿಯವಳ ಚೀಲದಲ್ಲಿ ಏನೈತೆ?" "ಹಗ್ಗ, ಕತ್ತಿ" ಎಂದೆ ನಾನು. ದೇವರಾಜನ್ ನನ್ನನ್ನು ಸುಮ್ಮನೆ ನೋಡಿದ. ತೊಡೆಯ ಮೇಲೆ ಬೆರಳು ಮಡಿಸಿ ಎಣಿಸಿದೆ. ಆರು. ಏಳು. ಬೆವರು ಬಂತು. ಎಂಟಕ್ಕೆ ಪಳನಿಯಮ್ಮಾಳ್ ಗೋಡೆಗೆ ಹೇಳಿದಳು:

"ಸೋರೆಬುರುಡೆ. ಎರಡು."

ದೊರೈಸಾಮಿ ನಗಲು ಹೋದ, ನಾನು ತೊಡೆ ಚಿವುಟಿದೆ. ದೇವರಾಜನ್ ಮಾತ್ರ ಕಾಗದದಲ್ಲಿ ಬರೆದುಕೊಂಡ — ಒಣಗಿದ ಸೋರೆಬುರುಡೆ, ಎರಡು. ಅವನಿಗೆ ಆರು ವರ್ಷವಾದಾಗ ಅವಳು ಅವನ ಬೆನ್ನಿಗೆ ಎರಡು ಬುರುಡೆ ಕಟ್ಟಿ ತೋಟದ ಬಾವಿಗೆ ಇಳಿಸಿ ಈಜು ಕಲಿಸಿದ್ದಳು. ನೀರಲ್ಲಿ ಅವನು ಕಿರುಚಿದ್ದು ನನಗೂ ನೆನಪಿದೆ.

ಈಗ ಅವನಿಗೆ ದಿನಕ್ಕೆ ಮೂರು ಟಂಬ್ಳರ್ ನೀರು, ಹೆಚ್ಚಿಲ್ಲ. ಎಳನೀರು ವಿಷ. ಕಾಂಗೇಯದಲ್ಲಿ, ತೆಂಗಿನಕಾಯಿಯ ನಡುವೆ. ಅವನ ಎಲ್ಲ ಕಥೆಯಲ್ಲೂ ಹೊಳೆ ಯಾಕೆ ಬರುತ್ತದೆ ಎಂದು ಇವತ್ತು ಹೊಳೆಯಿತು. ಕೇಳಲಿಲ್ಲ.

೨ ನವೆಂಬರ್, ಭಾನುವಾರ

ದೀಪಾವಳಿಯ ಮಾರನೆಯ ದಿನ. ದೊರೈಸಾಮಿಗೆ ಹೊಸ ಅಂಗಿ. ಹಿಂದುಗಡೆ ಸ್ಟಿಕರ್ ಹಾಗೇ ಇತ್ತು. ವೀರನಿಗೆ ಯಾರೂ ಹೇಳಲಿಲ್ಲ.

ನಾನೊಂದು ಉಪಾಯ ಮಾಡಿದೆ. ಮಾತಾಡಲು ನಾಚಿಕೆ ತಾನೆ? ಟವೆಲ್ಲಿನ ಅಡಿ ಬೆರಳಲ್ಲಿ ಹೇಳಲಿ. ಒಂದು ಬೆರಳೆಂದರೆ ಓಡುವುದು, ಎರಡೆಂದರೆ ಹೊಡೆಯುವುದು. ಸೆಲ್ಲಮ್ಮ ಕೈ ಕೊಟ್ಟು ಎಳೆದುಕೊಂಡಳು — "ಅಯ್ಯೋ, ಏನುಂಗ ಇದು, ನನ್ನನ್ನೇ ಮಾರ್ತೀರಾ?" ಪಳನಿಯಮ್ಮಾಳ ಕೈ ನಾನು ಹಿಡಿಯುವುದು ಉಂಟೆ? ಉಪಾಯ ಅಲ್ಲಿಗೇ ಬಿತ್ತು.

ದೇವರಾಜನ್ ಟವೆಲ್ ಇಸಿದುಕೊಂಡ. ಹಸಿರು ಅಂಚಿನದು, ಹನ್ನೊಂದು ವರ್ಷದ್ದು, ದನದ ವಾಸನೆ. "ಅಡಿಯಲ್ಲಿ ಬೇಡ ದೊಡ್ಡಪ್ಪ. ಮೇಲೆ. ಇದು ಹೆಗಲ ಮೇಲಿದ್ರೆ ಮಾತಾಡೋದು ವೇಷ. ತೆಗೆದ್ರೆ ನಾವು. ವೇಷ ಆಡಿದ ಮಾತಿಗೆ ಮನೇಲಿ ಜವಾಬು ಕೇಳೋ ಹಾಗಿಲ್ಲ. ಒಪ್ಪಿಗೆಯಾ?"

"ಆಮಾ" ಎಂದೆವು ಎಲ್ಲರೂ.

"ಇನ್ನೊಂದು. ವೇಷಗಳು ಮನೆಯ ಕನ್ನಡದಲ್ಲೇ ಮಾತಾಡಬೇಕು. ಮಾಮ, ನಿಮಗೇ ಹೇಳೋದು."

ದೊರೈಸಾಮಿ ಟವೆಲ್ ಹೊದ್ದು ಎದ್ದು ನಿಂತ. ಸಿನಿಮಾ ಬಿಟ್ಟರೆ ವೀರನಿಗೆ ಮಾತೇ ಇಲ್ಲ. ಕೊನೆಗೆ, "ರಾಕ್ಷಸಣ್ಣ, ನನಗೂ ಭಯ ಐತೆ, ನಿನಗೂ ಇದ್ರೆ ಹೇಳ್ಬುಡು" ಎಂದ. ಯಾರೂ ನಗಲಿಲ್ಲ. ದಾಳ ಹದಿನೆಂಟು. ರಾಕ್ಷಸ ದಾರಿ ಬಿಟ್ಟ.

೧೬ ನವೆಂಬರ್, ಭಾನುವಾರ

ಇವತ್ತು ವ್ಯಾಪಾರದಲ್ಲಿ ಸೋತೆ. ಬರೆದಿಡಬೇಕಾದದ್ದು.

ವರ್ತಕ ಹೊಳೆ ದಾಟಬೇಕು. ದೋಣಿಯವಳು ಕೂಲಿ ಹೇಳಬೇಕು. ದೇವರಾಜನ್ ತಾಯಿಯ ಹೆಗಲಿಗೆ ಟವೆಲ್ ಹಾಕಿದ. "ವರ್ತಕ ಬಂದವ್ನೆ. ಎಷ್ಟು ಕೇಳ್ತೀಯ?" ನಾನು ಎಣಿಸಲು ಶುರು ಮಾಡಿದೆ. ನಾಲ್ಕಕ್ಕೇ ಅವಳ ತಲೆ ಗೋಡೆಯಿಂದ ತಿರುಗಿತು. ನನ್ನ ಮುಖಕ್ಕೆ ಅಲ್ಲ, ಅಂಗಿಯ ಗುಂಡಿಯ ಕಡೆಗೆ. ಆದರೂ ತಿರುಗಿತು.

"ಏ ವರ್ತಕ. ನಿನ್ನ ಮೂಟೆಯಲ್ಲಿ ಅರ್ಧ."

ಬಾವನಿಗೆ ‘ನೀನು’! ಸೆಲ್ಲಮ್ಮನ ಕೈಯಿಂದ ಲೋಟ ಜಾರಿತು.

"ಅರ್ಧವಾ? ಹೊಳೆ ನಿಮ್ಮಪ್ಪಂದಾ?" ಎಂದೆ, ವರ್ತಕನಾಗಿ.

"ಹೊಳೆ ನಿಮ್ಮಪ್ಪಂದಾದ್ರೆ ಈಜ್ಕೊಂಡ್ ಹೋಗು. ಮಾತು ತೂಕ ಮಾಡ್ದೆ ಆಡೋನಿಗೆ ದೋಣಿ ಭಾರ ಆಗ್ತದೆ, ಅದಕ್ಕೆ ಅರ್ಧ."

ದೇವರಾಜನ್ ನಕ್ಕ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ. ಅವನು ಹೀಗೆ ನಕ್ಕು ಐದು ತಿಂಗಳಾಗಿತ್ತು. ನಕ್ಕು ಬಾಯಿ ಒಣಗಿ ಆ ದಿನದ ಮೂರನೆಯ ಟಂಬ್ಳರ್ ಮಧ್ಯಾಹ್ನವೇ ಮುಗಿಸಿದ. ಅರ್ಧ ಮೂಟೆ ಕೊಟ್ಟೆ.

ಆಮೇಲೆ ಟವೆಲ್ ಮಡಿಸಿಟ್ಟು ಗೋಡೆಗೆ ಹೇಳಿದಳು: "ಬಾವನಿಗೆ ಕಾಫಿಗೆ ಸಕ್ಕರೆ ಸಾಕಾ ಕೇಳಕ್ಕ."

೩೦ ನವೆಂಬರ್, ಭಾನುವಾರ

ಆಟವಿಲ್ಲ. ಶುಕ್ರವಾರ ಮಿಷನ್ ಮಧ್ಯೆ ಪ್ರೆಷರ್ ಇಳಿದು ಹುಡುಗನಿಗೆ ಪ್ರಜ್ಞೆ ತಪ್ಪಿತು. ನಡೆಯುತ್ತದೆ ಎಂದು ನಾನೇ ಬರೆದಿದ್ದೆ. ಅಕ್ಟೋಬರ್ ಪುಟದಲ್ಲಿದೆ, ನೋಡಿದೆ.

೧೪ ಡಿಸೆಂಬರ್, ಭಾನುವಾರ

ಆದದ್ದನ್ನು ಆದ ಹಾಗೆ.

ದೇವರಾಜನ ಮುಖ ಊದಿತ್ತು. ದಿಂಬಿಗೆ ಒರಗಿಯೇ ಕಥೆ ಹೇಳಿದ. ಎಲ್ಲರೂ ದೋಣಿಯಲ್ಲಿ, ನಡುಹೊಳೆ. ತಳದಲ್ಲಿ ತೂತು. ನಮ್ಮೊಂದಿಗೆ ಈಜು ಬಾರದ ಪ್ರಯಾಣಿಕನೊಬ್ಬ. ಅವನ ಮಾತು ದೇವರಾಜನದೇ.

"ದೋಣಿಯವಳೇ, ನೀರು ಮೊಣಕಾಲಿಗೆ ಬಂತು. ಏನ್ ಮಾಡ್ತೀಯ?"

ಪಳನಿಯಮ್ಮಾಳ್ ಟವೆಲ್ ಹೊದ್ದಿದ್ದಳು. ಎಣಿಸುವ ಕೆಲಸವೇ ಇರಲಿಲ್ಲ.

"ನನ್ ಹತ್ರ ಎರಡು ಬುರುಡೆ ಐತಲ್ಲ. ಒಂದು ಬಿಚ್ಚಿ ನಿನ್ನ ಬೆನ್ನಿಗೆ ಕಟ್ತೀನಿ. ಒಂದರಲ್ಲಿ ನಾನು ತೇಲ್ತೀನಿ."

"ಒಂದು ಸಾಲದೆ ಮುಳುಗಿದ್ರೆ?"

"ಮುಳುಗಲ್ಲ. ಮುಳುಗಿದ್ರೂ ಸರಿ."

ದೇವರಾಜನ್ ದಾಳ ಹಾಕಲಿಲ್ಲ. ಮುಷ್ಟಿಯಲ್ಲೇ ಹಿಡಿದುಕೊಂಡ. ಆಮೇಲೆ ಪ್ರಯಾಣಿಕನ ದನಿ ಹೋಗಿ ಅವನದೇ ದನಿ ಬಂತು.

"ಕಥೇಲಿ ಕೊಡ್ತೀಯ. ಆಸ್ಪತ್ರೇಲಿ ಯಾಕಮ್ಮ ಬೇಡ ಅಂದೆ?"

"ಆಸ್ಪತ್ರೇಲಿ ನನ್ನ ಏನ್ ಕೇಳಿದ್ರು?"

"ನಿನ್ನ ಕಿಡ್ನಿ ಒಂದು ನನಗೆ ಹಾಕಬಹುದು ಅಂತ. ನಿನಗೆ ಮನಸ್ಸಿಲ್ಲ ಅಂತ... ದೊಡ್ಡಪ್ಪ..."

ಸೆಲ್ಲಮ್ಮ ನನ್ನನ್ನು ನೋಡಿದಳು. ದೊರೈಸಾಮಿ ನೆಲ ನೋಡಿದ. ಪಳನಿಯಮ್ಮಾಳ್ ಟವೆಲ್ ತೆಗೆಯುತ್ತಾಳೆ ಎಂದುಕೊಂಡೆ. ತೆಗೆಯಲಿಲ್ಲ. ಇನ್ನೂ ಬಿಗಿಯಾಗಿ ಎಳೆದುಕೊಂಡು ನನ್ನ ಕಡೆ ತಿರುಗಿದಳು. ಈ ಸಲ ಮುಖಕ್ಕೆ.

"ಏ ವರ್ತಕ. ನನ್ ಬುರುಡೆ ಇಲ್ಲ ಅನ್ನೋಕೆ ನೀನ್ಯಾರು? ನನ್ನ ಕೇಳಿದ್ಯಾ?"

ಕೇಳಿ, ಕಾದಳು. ತೊಡೆಯ ಮೇಲೆ ಒಂದೊಂದೇ ಬೆರಳು ಮಡಿಸಿದಳು. ಮಗನಿಂದ ಅವಳೂ ಕಲಿತಿದ್ದಾಳೆ. ಹತ್ತೂ ಬೆರಳು ಮಡಿಸಿ ಆಯಿತು.



೧೬ ಡಿಸೆಂಬರ್, ಮಂಗಳವಾರ

ಟ್ಯಾಕ್ಸಿಯಲ್ಲಿ ಮೂವರು. ಪಳನಿಯಮ್ಮಾಳ್ ಮಗನ ಪಕ್ಕ, ನಾನು ಮುಂದೆ. ಡಾಕ್ಟರ ಕೋಣೆಗೆ ಅವಳೇ ಮೊದಲು ಹೋದಳು. ಟವೆಲ್ ಸೀರೆಯ ಒಳಗೆ ಮಡಿಸಿಕೊಂಡಿದ್ದಳು, ತುದಿ ಕಾಣುತ್ತಿತ್ತು. "ನಾನು ಕೊಡ್ತೀನಿ. ಇವತ್ತೇ ಎತ್ಕೊಳ್ಳಿ" ಎಂದಳು ತಮಿಳಿನಲ್ಲಿ. ಡಾಕ್ಟರ್ ನನ್ನ ಕಡೆ ನೋಡಿದರು, ಅಭ್ಯಾಸದಂತೆ. ಅವಳು, "ಅಲ್ಲಿ ಏನು ನೋಡ್ತೀರಿ ಸಾರ್? ಕೊಡೋಳು ಇಲ್ಲಿದೀನಿ."

ವಾಪಸ್ ಬರುವಾಗ ದೇವರಾಜನ್ ತಾಯಿಯ ತೊಡೆಯ ಮೇಲೆ ತಲೆ ಇಟ್ಟು ಮಲಗಿದ್ದ. ಅವರಿಬ್ಬರೂ ನನಗೆ ಬೈಯಲಿಲ್ಲ. ಬೈದಿದ್ದರೆ ಜವಾಬು ಹೇಳಿ ಚುಕ್ತಾ ಮಾಡಬಹುದಿತ್ತು.

೮ ಜನವರಿ ೧೯೮೭, ಗುರುವಾರ

ರಿಪೋರ್ಟ್ ಬಂತು. ಹೊಂದುತ್ತದೆ. ಮದ್ರಾಸಿನಲ್ಲಿ ಫೆಬ್ರವರಿ ಒಂಬತ್ತಕ್ಕೆ ದಿನ ಕೊಟ್ಟಿದ್ದಾರೆ. ಪಳನಿಯಮ್ಮಾಳ್ ಇವತ್ತಿನಿಂದಲೇ ಟ್ರಂಕ್ ತುಂಬುತ್ತಿದ್ದಾಳೆ. ಉಪ್ಪಿನಕಾಯಿ ಯಾಕೆ ಎಂದು ಸೆಲ್ಲಮ್ಮ ಕೇಳಿದರೆ, "ಅವನು ಬೇಕಾದ್ದು ತಿನ್ಬಹುದಲ್ಲ ಆಮೇಲೆ." ದೊರೈಸಾಮಿ ಹುಡುಗನಿಗೆ: "ಮಾಪ್ಳೆ, ಎಳನೀರು ಒಂದು ಗೊನೆ ನನ್ನದು, ನೀನು ವಾಪಸ್ ಬಂದ ದಿನ ಸ್ಟೇಷನ್ನಿಗೇ ತರ್ತೀನಿ."

೧೫ ಜನವರಿ

ಮಾಟ್ಟುಪೊಂಗಲ್. ದನಗಳ ಕೊಂಬಿಗೆ ಬಣ್ಣ. ಹುಡುಗನಿಗೆ ಜ್ವರ.

೨೪ ಜನವರಿ, ಶನಿವಾರ. ಕೋಯಮತ್ತೂರು ಆಸ್ಪತ್ರೆ

ಎದೆಯಲ್ಲಿ ನೀರು ತುಂಬಿದೆಯಂತೆ. ಕುಡಿಯಲು ಕೊಡದ ನೀರು ಅಲ್ಲಿ ಹೋಗಿ ಕೂತಿದೆ. ಜ್ವರ ಇಳಿಯದೆ ಮದ್ರಾಸಿನವರು ಮುಟ್ಟುವುದಿಲ್ಲ.

ಮಧ್ಯಾಹ್ನ ಆಟ ಬೇಕೆಂದ. ನಾಲ್ವರೂ ಮಂಚದ ಸುತ್ತ. ನರ್ಸಮ್ಮ ಕೂಡ ನಿಂತಳು. ನಾಲ್ಕು ಮಾತು ಹೇಳುವಷ್ಟರಲ್ಲಿ ಮೇಲುಸಿರು ಬಂತು. "ದೋಣಿ ನಡುಹೊಳೇಲೇ ಇರ್ಲಿ. ನಿಲ್ಸೋಣ. ಮುಂದಿನ ವಾರ."

ಕಾರಿಡಾರಿನಲ್ಲಿ ಡಾಕ್ಟರನ್ನು ಕೇಳಿದೆ — ಸೆಪ್ಟೆಂಬರ್‌ನಲ್ಲೇ ಆಗಿದ್ದರೆ? ಫೈಲಿನಿಂದ ತಲೆ ಎತ್ತಲಿಲ್ಲ. "ಹೇಳೋಕಾಗಲ್ಲ. ಆಗ ಗಟ್ಟಿಯಾಗಿದ್ದ."

೩೧ ಜನವರಿ

ಬೆಳಗ್ಗೆ ಐದು ಹತ್ತಕ್ಕೆ ಹೋದ.

೨೨ ಮಾರ್ಚ್, ಭಾನುವಾರ

ಏಳು ವಾರ ಪೆಟ್ಟಿಗೆ ತೆಗೆದಿರಲಿಲ್ಲ.

ಸಂತೆಗೆ ಹೋಗುತ್ತೇನೆ. ಟವೆಲ್ಲಿನ ಅಡಿ ಬೆರಳು ಹಿಡಿದು, ಆಮೇಲೆ ಬಾಯಲ್ಲೂ ಕೇಳುತ್ತೇನೆ — ನಿಜಕ್ಕೂ ಕೊಡ್ತೀಯಾ? ಜನ ನಗುತ್ತಾರೆ. ದಲ್ಲಾಳಿ ನಂಜಪ್ಪನ್‌ಗೆ ವಯಸ್ಸಾಯಿತು ಎನ್ನುತ್ತಾರೆ. ಸಂತೆಗೆ ಒಯ್ಯುವುದು ಹೊಸ ಟವೆಲ್. ಹಳೆಯದನ್ನು ಪಳನಿಯಮ್ಮಾಳ್ ವಾಪಸ್ ಕೊಟ್ಟಿಲ್ಲ, ನಾನೂ ಕೇಳಿಲ್ಲ.

ಇವತ್ತು ಊಟ ಬಡಿಸುತ್ತ ನನ್ನ ಎದುರು ನಿಂತಳು. ಹೆಗಲ ಮೇಲೆ ಏನೂ ಇರಲಿಲ್ಲ. ಗೋಡೆಗಲ್ಲ, ಸೆಲ್ಲಮ್ಮನಿಗಲ್ಲ.

"ಬಾವ, ದೋಣಿ ನಡುಹೊಳೇಲಿ ನಿಂತೈತೆ. ಅವನು ಮುಂದಿನ ವಾರ ಅಂದಿದ್ದ. ನಾಲ್ಕು ಗಂಟೆಗೆ ಕೂತ್ಕೊಳೋಣ. ಕಥೆ ನೀವು ಹೇಳಿ."

"ನನಗೆ ಬರಲ್ಲಮ್ಮ."

"ಹೇಳೋದ್ ಬೇಡ ಹಂಗಾದ್ರೆ. ಕೇಳಿ. ನಾನು ಏನ್ ಮಾಡ್ತೀನಿ ಅಂತ ಕೇಳಿ, ಅಷ್ಟೇ."

ದೊರೈಸಾಮಿ ಬಂದಿದ್ದಾನೆ. ಕ್ಯಾಲೆಂಡರ್ ಹಾಸಿದ್ದಾರೆ, ದಾಳ ಉರುಳಿಸಿ ನೋಡುವ ಸದ್ದು. ಆರೂ ಇವೆ. ಅಷ್ಟರಲ್ಲಿ ಒಂದು ಪಟ್ಟಿ, ಯಾರಿಗೆ ಏನು ಬಂತು ಎಂದು.

ದೊರೈಸಾಮಿ — ಸಿನಿಮಾ ಬಿಟ್ಟು ಮಾತಾಡುತ್ತಾನೆ. ಮಿಲ್ಲಿನ ಧಣಿಯನ್ನು ಭಾನುವಾರ ರಜೆ ಕೇಳಿದ. ಸಿಕ್ಕಿತು.

ಸೆಲ್ಲಮ್ಮ — ಒಂದು ತಿಂಗಳು ನನ್ನೊಂದಿಗೆ ಮಾತು ಬಿಟ್ಟಿದ್ದಳು. ಈಗ ಆಡುತ್ತಾಳೆ, ಎಣಿಸಿ.

ಪಳನಿಯಮ್ಮಾಳ್ — ಬಾಯಿ. ಮೈಮೇಲೆ ಹೊಲಿಗೆಯ ಗುರುತು ಒಂದೂ ಇಲ್ಲ. ಅವಳ ದೂರು ಅದೇ.

ದೇವರಾಜನ್ — ಅಮ್ಮ ಇಲ್ಲ ಅನ್ನಲಿಲ್ಲ ಎಂಬುದು. ಡಿಸೆಂಬರ್ ಹದಿನಾಲ್ಕರಿಂದ ನಲವತ್ತೆಂಟು ದಿನ ಅದು ಅವನ ಹತ್ತಿರ ಇತ್ತು.

ನಾನು — ಕೇಳಿ ಹತ್ತರವರೆಗೆ ಎಣಿಸುವುದು. ಬರುತ್ತದೋ ಇಲ್ಲವೋ, ಈಗ ಹೋಗಿ ನೋಡಬೇಕು. ನಾಲ್ಕಾಯಿತು, ಕರೆಯುತ್ತಿದ್ದಾರೆ.